ಮಾದರಿ ಬಾಟಲಿಯ ಎಣ್ಣೆ

ಎಣ್ಣೆ ಕಾರ್ಖಾನೆಯಲ್ಲಿ ಅವಳಿಗೆ ‘ಮೂಗಿನ ಮೇಡಂ’ ಎಂದೇ ಹೆಸರು. ಮಾದರಿ ಎಣ್ಣೆ ಮೂಸಿ ಅವಳು ಮೂಗು ಮುರಿದರೆ ಮುಗಿಯಿತು, ಟ್ಯಾಂಕರ್ ಬಂದ ದಾರಿಯಲ್ಲೇ ವಾಪಸು. ಡ್ರೈವರುಗಳು ಜಪ್ಪಯ್ಯ ಅಂದರೂ ಅವಳು ಜಗ್ಗುತ್ತಿರಲಿಲ್ಲ.

ಪರೀಕ್ಷೆಗೆ ತೆಗೆದಿಟ್ಟ ಮಾದರಿ ಬಾಟಲಿಗಳು ಪ್ರಯೋಗಾಲಯದ ಕಿಟಕಿ ಪಕ್ಕ ತಿಂಗಳುಗಟ್ಟಲೆ ನಿಂತಿರುತ್ತಿದ್ದವು. ಅವಧಿ ಮುಗಿದ ಮೇಲೆ ಚೆಲ್ಲಬೇಕೆಂಬುದು ನಿಯಮ. ಬಿಸಿಲು ಬಿದ್ದು, ಗಾಳಿ ಕುಡಿದ ಸೂರ್ಯಕಾಂತಿ ಎಣ್ಣೆ ಒಳಗೊಳಗೇ ಕೆಡುತ್ತದೆ, ಮತ್ತೆ ಮತ್ತೆ ಕಾಯಿಸಿದಷ್ಟೂ ವಿಷವಾಗುತ್ತದೆ ಎಂದು ಹೊಸಬರಿಗೆ ಪಾಠ ಹೇಳುತ್ತಿದ್ದವಳೂ ಅವಳೇ. ಆದರೂ ಚೆಲ್ಲಲು ಮನಸ್ಸು ಬರಲಿಲ್ಲ. ಅಕ್ಕನ ಸಂಸಾರ ಕಷ್ಟದಲ್ಲಿತ್ತು, ಬಾಟಲಿಗಳು ಚೀಲ ಸೇರಿ ಅಲ್ಲಿಗೆ ಹೋದವು. ಸ್ವಲ್ಪ ಹಳೆಯದಾದರೆ ಏನು ಮಹಾ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಕೊಡುಗೈ ದೊರೆ ಎನಿಸಿಕೊಳ್ಳುವ ಆಸೆಯೂ ಇತ್ತೆನ್ನಿ.

ಆ ಭಾನುವಾರ ಅಕ್ಕ ಆಲೂಗಡ್ಡೆ ಕರಿಯುತ್ತಿದ್ದಳು. ಅಡುಗೆಮನೆಯ ಬಾಗಿಲಲ್ಲೇ ತಂಗಿಯ ಹೆಜ್ಜೆ ನಿಂತಿತು. ಹಳೇ ಪೇಂಟ್ ಡಬ್ಬಿ ತೆರೆದಂಥ ಕಮಟು ವಾಸನೆ. ಬಾಣಲೆಯ ಎಣ್ಣೆ ಕಪ್ಪಾಗಿ ಅಂಚಿನಲ್ಲಿ ನೊರೆ ಕಟ್ಟಿತ್ತು.

“ಇದು ಯಾವ ಎಣ್ಣೆ ಅಕ್ಕಾ?”

“ನೀನು ಕೊಟ್ಟಿದ್ದೇ. ಕರಿದು ಉಳಿದಿದ್ದನ್ನೂ ಸೋಸಿ ಇಡ್ತೀನಿ. ಪಾಪ, ಹೊತ್ಕೊಂಡು ಬಂದಿರ್ತೀಯ, ಹೇಗೆ ಚೆಲ್ಲಲಿ?” ಅಕ್ಕ ಹೊಟ್ಟೆ ಹಿಡಿದುಕೊಂಡು ಸ್ಟೂಲಿನ ಮೇಲೆ ಕೂತಳು. “ಈಚೆಗೆ ಏನು ತಿಂದ್ರೂ ಉರಿ ಕಣೇ. ಮಕ್ಕಳದ್ದೂ ಇದೇ ಗೋಳು.”

ತಂಗಿ ಬಾಯಿ ಮುಚ್ಚಿಕೊಂಡಿದ್ದರೆ ಅಕ್ಕನ ಕಣ್ಣಲ್ಲಿ ಒಳ್ಳೆಯವಳಾಗಿಯೇ ಉಳಿಯಬಹುದಿತ್ತು. ಆದರೆ ಆಚೆ ಮಕ್ಕಳು ತಟ್ಟೆ ಇಟ್ಟುಕೊಂಡು ಕಾಯುತ್ತಿದ್ದರು. ಅವಳು ಗ್ಯಾಸ್ ಆರಿಸಿದಳು.

“ಅಕ್ಕಾ, ಅದು ಕೆಟ್ಟ ಎಣ್ಣೆ. ಚೆಲ್ಲಬೇಕಾಗಿದ್ದನ್ನ ನಿನಗೆ ತಂದ್ಕೊಟ್ಟೆ. ಗೊತ್ತಿದ್ದೇ ತಂದೆ.”

ಅಕ್ಕ ಬಾಣಲೆಯತ್ತ ಬಗ್ಗಿ ಮೂಸಿದಳು. “ವಾಸನೆ ನನಗೂ ಬರ್ತಿತ್ತು. ದಿನಾ ಎಣ್ಣೆ ನೋಡೋಳು ನೀನೇ ತಂದಿದ್ದು ಅಂದ್ಮೇಲೆ, ನನ್ನ ಮೂಗೇ ಸರಿ ಇಲ್ಲ ಅಂದ್ಕೊಂಡೆ.”

ನಾಚಿಕೆಯಿಂದ ತಂಗಿ ಭೂಮಿಗಿಳಿದು ಹೋದಳು. ಬಾಯಿಗೆ ಬಂದಂತೆ ಬೈದಿದ್ದರೂ ವಾಸಿಯಿತ್ತು. ಅಕ್ಕನೋ, ಏನೋ ಹೊಳೆದವಳಂತೆ ಗಾಬರಿಯಿಂದ ಅವಳ ಕೈ ಹಿಡಿದುಕೊಂಡಳು.

“ಅಯ್ಯೋ, ನೀನೂ ಇದನ್ನೇ ತಿಂದಿದ್ದೀಯಲ್ಲ. ನಿನ್ನ ಹೊಟ್ಟೆ ಹೇಗಿದೆ?”

“ನಮ್ಮನೆಗೆ ನಾನು ಅಂಗಡಿ ಎಣ್ಣೆನೇ ತರೋದು, ಅಕ್ಕಾ.”

ಅಕ್ಕ ಕೈ ಬಿಟ್ಟಳು. ಆಮೇಲೆ ಎದ್ದು ಹೋಗಿ, ಮಕ್ಕಳ ಮುಂದಿದ್ದ ತಟ್ಟೆಗಳನ್ನು ಒಂದೊಂದಾಗಿ ಎತ್ತಿಕೊಂಡಳು.