ಬೆನ್ನಿನ ಕಾಡಿಗೆ

ಹರಳೆಣ್ಣೆಯ ವಾಸನೆ, ಇಲ್ಲೂ, ಆಪರೇಷನ್ ಥಿಯೇಟರಿನ ಬಾಗಿಲಲ್ಲೂ, ಪಕ್ಕದಲ್ಲಿ ಕೂತ ಅತ್ತೆಯ ಕೈಯಿಂದಲೇ ಬರುತ್ತಿದೆ, ಶುಕ್ರವಾರ ಬಂತೆಂದರೆ ನನ್ನ ಮಗಳು ಆರಾಧನಾಳನ್ನು ಕಾಲ ಮೇಲೆ ಬೋರಲು ಹಾಕಿಕೊಂಡು ಎಣ್ಣೆ ತಿಕ್ಕಿದ ಕೈ, ಸೊಂಟದ ಕೆಳಗೆ ಸೂಜಿ ಚುಚ್ಚಿದಷ್ಟು ಕುಳಿ, ಸುತ್ತ ನಾಲ್ಕು ಕೂದಲು, ಅದೃಷ್ಟದ ಗುರುತು ಕಣೇ ಶ್ರೀವಿದ್ಯಾ, ಯಾರಿಗೂ ತೋರಿಸ್ಬೇಡ — ಚುಚ್ಚುಮದ್ದಿಗೆ ಹೊರಟಾಗಲೆಲ್ಲ ಅದರ ಮೇಲೆ ದಪ್ಪಗೆ ಕಾಡಿಗೆ, ಡಾಕ್ಟರಾದ್ರೇನು, ಅವರಿಗೂ ಕಣ್ಣಿಲ್ವೇ, ನಮ್ಮ ಬೀದಿಯ ಡಾಕ್ಟರು ಆ ಬೊಟ್ಟು ನೋಡಿ ನಕ್ಕು ಲಂಗ ಕೆಳಗಿಳಿಸುತ್ತಿದ್ದರು, ಬೀಳಬೇಕಾದ ಕಣ್ಣೇ ಬೀಳಲಿಲ್ಲವಲ್ಲ, ದೇವರೇ. ದೀಪಾವಳಿಯಿಂದ ಎಡಗಾಲು ಎಳೆಯುತ್ತಿದ್ದಾಳೆ, ಗಾಂಧಿಬಜಾರಿನ ಹೊಸ ಶೂ ಕಚ್ಚುತ್ತಿದೆ ಅಂದುಕೊಂಡು ಅದನ್ನು ಬದಲಾಯಿಸಿ ತಂದೆವು, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮತ್ತೆ ಶುರುವಾಯಿತು, ನರ್ಸರಿಯ ಭಯ ಇರಬೇಕು ಎಂದು ಇವರು, ಕೊನೆಗೆ ದೊಡ್ಡ ಡಾಕ್ಟರು ಹತ್ತಿಯಿಂದ ಕಾಡಿಗೆ ಒರೆಸಿದರು, ಒರೆಸಿ ದೀಪ ಹತ್ತಿರ ಎಳೆದುಕೊಂಡರು, ಇದನ್ನ ಯಾಕಮ್ಮ ಮುಚ್ಚಿದ್ರಿ. ಆ ಕುಳಿಯಿಂದ ಒಳಗೆ ಬೆನ್ನುಹುರಿಯವರೆಗೂ ದಾರಿಯಂತೆ, ಕೊನೆಗೊಂದು ಗಂಟಂತೆ, ಹುಟ್ಟಿನಿಂದಲೇ ಬರುವಂಥದ್ದು, ಬಹಳ ಅಪರೂಪ, ಬೆಳೆದು ನರ ಒತ್ತುತ್ತಿದೆ — ತೆಗೆದರೆ ಸರಿಯಾಗಿ ನಡೀತಾಳಾ ಡಾಕ್ಟ್ರೇ, ತೆಗೀದೇ ಇದ್ರೆ ನಡೆಯೋದೇ ಇಲ್ಲಮ್ಮ, ಇದೂ ಒಂದು ಉತ್ತರ. ಅತ್ತೆಗೆ ಬಾಯಿ ತುಂಬ ಬೈಯಬೇಕು, ಈಗಲೇ, ಇಲ್ಲಿಯೇ, ಆದರೆ ಬೆಳಿಗ್ಗೆಯಿಂದ ಒಂದು ಲೋಟ ಕಾಫಿ ಕುಡಿದಿಲ್ಲ ಮುದುಕಿ, ಆಪರೇಷನ್ ಆದ ಮೇಲೆ ಕೆಲವು ದಿನ ಬೋರಲೇ ಮಲಗಬೇಕು ಎಂದು ನರ್ಸ್ ಹೇಳಿದಾಗ, ನನ್ನ ಕಾಲ ಮೇಲೆ ಮಲಗಿ ಅಭ್ಯಾಸ ಇದೆ ಮಗೂಗೆ ಅಂದರು, ಆ ಎಣ್ಣೆಗೈ ನನ್ನ ಸೆರಗಿನ ಅಂಚು ಹಿಡಿದುಕೊಂಡಿದೆ, ಬಿಡಿಸಿಕೊಳ್ಳಲೂ ಆಗುತ್ತಿಲ್ಲ, ಸಿಟ್ಟೂ ಇಳಿಯುತ್ತಿಲ್ಲ.

ಬಾಗಿಲು ತೆರೆಯಿತು, ತಾಯಿ ಒಬ್ಬರೇ ಬನ್ನಿ ಎಂದಳು ನರ್ಸ್, ಒಳಗೆ ಆರಾ ಬೋರಲು ಮಲಗಿದ್ದಾಳೆ, ಕೆನ್ನೆ ದಿಂಬಿಗೊತ್ತಿ ಬಾಯಿ ಸೊಟ್ಟಗಾಗಿದೆ, ಎಚ್ಚರವಿದೆ, ಗಂಟು ಪೂರ್ತಿ ಹೊರಗೆ ಬಂದಿದೆ ಎಂದು ಡಾಕ್ಟರು ಹೊದಿಕೆ ಸರಿಸಿದರು, ಕಾಲ್ಬೆರಳು ಆಡ್ಸೋಕೆ ನೀವೇ ಹೇಳಿ, ನಿಮ್ಮ ಮಾತು ಕೇಳ್ತಾಳೆ. ಆರಾ, ಬಂಗಾರ, ಕಾಲ್ಬೆರಳು ಆಡ್ಸು ನೋಡೋಣ — ಬಲಗಾಲಿನ ಬೆರಳುಗಳು ಕುಣಿದವು, ಐದೂ, ಆ ಕಾಲೂ ಆಡ್ಸಮ್ಮ, ಎಡಗಾಲು, ಡಾಕ್ಟರು ಬಗ್ಗಿದರು, ನಾನೂ ಬಗ್ಗಿದೆ, ಎಡಗಾಲಿನ ಹೆಬ್ಬೆರಳು, ಉಗುರಿಗೆ ಹಚ್ಚಿದ್ದ ಮದರಂಗಿ ಅರ್ಧ ಮಾಸಿದೆ, ಆಡ್ಸು ಪುಟ್ಟ, ಹೆಬ್ಬೆರಳು, ಇನ್ನೊಂದು ಸಲ, ಹೆಬ್ಬೆರಳು, ಆಡಿಸ್ತಾನೇ ಇದೀನಲ್ಲಮ್ಮ, ಅಂದಳು, ದಿಂಬಿನೊಳಗಿಂದ, ಬೇಜಾರಾಗಿ, ಆ ಹೆಬ್ಬೆರಳು ಮಾತ್ರ ಇದ್ದಲ್ಲೇ —