ಪಂಚಮಿ ಉಂಡಿ ಮತ್ತು ಕೆಂಪಾದ ಅರಿಶಿನ

ಮುಂಬೈ ಕಡೆಯ ಶಹಾಡ್ ಸ್ಟೇಷನ್ ಹತ್ತಿರದ ಚಾಳಿನಲ್ಲಿ ಜಿರಲೆ ಕಾಟ ಇಲ್ಲದ ಮನೆಯೇ ಇಲ್ಲ. ಅನಸೂಯಾ ಅಂಗಡಿಯಿಂದ ಬಿಡಿ ಬೋರಿಕ್ ಪುಡಿ ತಂದು ಮೂಲೆಮೂಲೆಗೂ ಉದುರಿಸಿದಳು. ಉಳಿದದ್ದನ್ನು ಸ್ಟೀಲ್ ಡಬ್ಬಿಗೆ ಸುರಿದು ಅಡುಗೆಮನೆಯಲ್ಲೇ ಇಟ್ಟಳು. ಪಕ್ಕದ ಡಬ್ಬಿಯಲ್ಲಿ ಹುರಿದ ಅಕ್ಕಿಹಿಟ್ಟು. ಎರಡೂ ಬೆಳ್ಳಗೆ, ನುಣ್ಣಗೆ.

ನಾಗರ ಪಂಚಮಿಗೆ ಅವಳ ಅತ್ತೆ ಶರಣಬಸಮ್ಮ ತಂಬಿಟ್ಟಿನ ಉಂಡಿ ಕಟ್ಟಿದರು. ಪಾಕ ತೆಳ್ಳಗಾಯಿತೆಂದು ಕೈಗೆ ಸಿಕ್ಕ ಡಬ್ಬಿಯಿಂದ ಇನ್ನಷ್ಟು ಹಿಟ್ಟು ಬೆರೆಸಿದರು. ಮೊದಲ ಉಂಡಿ ಮೊಮ್ಮಗಳು ಅಶ್ಮಿತಾಗೆ.

ಸ್ವಲ್ಪ ಹೊತ್ತಿಗೇ ಮಗು ಹೊಟ್ಟೆ ಹಿಡಿದುಕೊಂಡು "ಆಯಿ, ಪೋಟಾತ್ ದುಖ್ತಂಯ್" ಎಂದು ಮರಾಠಿಯಲ್ಲೇ ಹೊಟ್ಟೆನೋವು ಹೇಳಿಕೊಂಡು ನರಳಿ, ವಾಂತಿ ಮಾಡಿತು. ಅನಸೂಯಾಳ ಕಣ್ಣು ಡಬ್ಬಿಗಳ ಮೇಲೆ ಬಿತ್ತು. ಮುಚ್ಚಳ ತೆರೆದಿದ್ದದ್ದು ಬೋರಿಕ್ ಡಬ್ಬಿಯದು.

"ದೃಷ್ಟಿ ಆಗೈತಿ. ಉಪ್ಪುನೀರು ಕುಡಿಸಿ ಇನ್ನಷ್ಟು ಕಾರಿಸೂಣು" ಎಂದರು ಶರಣಬಸಮ್ಮ.

ಸದ್ದು ಕೇಳಿ ಪಕ್ಕದ ಮನೆಯ ಜಯಲತಾ ಓಡಿ ಬಂದಳು. ಉಡುಪಿ ಕಡೆಯವಳು, ಮಹಾಪೆಯ ಲ್ಯಾಬಿನಲ್ಲಿ ಕೆಲಸ. "ಬೇಡಮ್ಮ, ವಾಂತಿ ಮಾಡಿಸ್ಬೇಡಿ. ಅನಸೂಯಾ, ಆ ಡಬ್ಬಿ ತಗೊಂಡು ಆಸ್ಪತ್ರೆಗೆ ನಡಿ. ಒಂದು ಉಂಡಿ ನಂಗೆ ಕೊಡು, ಲ್ಯಾಬಲ್ಲಿ ನೋಡ್ತೇನೆ. ಉಳಿದದ್ದು ಯಾರಿಗೂ ಕೊಡ್ಬೇಡಿ."

ಸಂಜೆ ಶರಣಬಸಮ್ಮ ಆಸ್ಪತ್ರೆಗೆ ಬಂದಾಗ ಮಗುವಿನ ಕೈಗೆ ಸಲೈನ್ ಹಾಕಿದ್ದರು. ಹಿಂದೆಯೇ ಜಯಲತಾ ಬಂದು ಒಂದು ಕೆಂಪು ಕಾಗದದ ಚೂರು ತೋರಿಸಿದಳು.

"ಅರಿಶಿನ ಹಚ್ಚಿದ ಕಾಗದ ಇದು. ಉಂಡಿ ಕದಡಿದ ನೀರಿಗೆ ಆಸಿಡ್ ಹಾಕಿ ಇದನ್ನ ಅದ್ದಿ ಒಣಗಿಸಿದೆ. ಬೋರಿಕ್ ಇದ್ರೆ ಅರಿಶಿನದ ಬಣ್ಣ ಅದ್ರ ಜೊತೆ ಕೂಡಿ ಹೀಗೆ ಕೆಂಪಾಗ್ತದೆ."

"ಸುಣ್ಣ ಹಾಕಿದ್ರೂ ಅರಿಶಿನ ಕೆಂಪಾಗತೈತಿ. ಆರತಿ ನೀರು ನಾವು ಹಂಗ ಮಾಡ್ತೀವಲ್ಲ" ಎಂದರು ಶರಣಬಸಮ್ಮ.

"ಸುಣ್ಣದ ಕೆಂಪು ಆಸಿಡ್ ಬಿದ್ರೆ ವಾಪಸ್ ಹಳದಿ ಆಗ್ತದಮ್ಮ. ಇದು ಆಸಿಡ್‌ನಲ್ಲೇ ಕೆಂಪಾದದ್ದು."

ಶರಣಬಸಮ್ಮ ಸೊಸೆಯ ತೋಳು ಗಟ್ಟಿಯಾಗಿ ಹಿಡಿದುಕೊಂಡರು. "ಜಯಲತಾ ಬ್ಯಾಡ ಅಂದ್ರೂ ದೃಷ್ಟಿನೇ ಅಂತ ತಿಳದೆ. ಹಬ್ಬದ ಉಂಡಿ ಮನ್ಯಾಗ ಇಟ್ಕೋಬಾರದಂತ, ಬರೂ ಮುಂದ ಓಣಿ ಹುಡುಗ್ರಿಗೆಲ್ಲ ಹಂಚಿ ಬಂದೀನಿ."

ಜಯಲತಾ ಚಾಳಿನವರಿಗೆ ಫೋನ್ ಹಚ್ಚಿದಳು. ಶರಣಬಸಮ್ಮ ರಿಕ್ಷಾ ಹಿಡಿದು ಹೋಗಿ ಒಂದೊಂದೇ ಬಾಗಿಲು ಬಡಿದು, "ನನ್ನ ಉಂಡಿ ತಿನ್ನಬ್ಯಾಡ್ರಿ, ತಪ್ಪಾಗೈತಿ" ಎಂದು ಕೈಮುಗಿದು ವಾಪಸ್ ಕೇಳಿದರು. ಒಂದು ಕೂಸು ಆಗಲೇ ಅರ್ಧ ತಿಂದಿತ್ತು. ಅದನ್ನೂ ಅಶ್ಮಿತಾಳ ಪಕ್ಕದ ಹಾಸಿಗೆಯಲ್ಲಿ ಮಲಗಿಸಿದರು. ಬೇಗ ತಂದದ್ದಕ್ಕೆ ಇಬ್ಬರೂ ಉಳಿದರು. ಅಲ್ಲಿಯವರೆಗೆ ಆ ಇಬ್ಬರು ತಾಯಂದಿರ ಬಾಯಿಗೆ ಒಂದು ಗುಟುಕು ಚಹಾ ಕೂಡ ಇಳಿಯಲಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ಜಿರಲೆ ಪುಡಿಯನ್ನು ಅಡುಗೆಮನೆಯಲ್ಲಿ ಇಡಬೇಡಿ. ತಿನ್ನುವ ಪದಾರ್ಥದ ಡಬ್ಬಿಗೆ ಅದನ್ನು ಸುರಿಯಲೇಬೇಡಿ. ಹೆಸರಿರುವ ಪ್ಯಾಕೆಟ್ಟಿನಲ್ಲೇ ಬೀಗದೊಳಗೆ ಇಡಿ. ಅರಿಶಿನದ ಪರೀಕ್ಷೆ ಲ್ಯಾಬಿನವರ ಕೆಲಸ, ಮನೆಯಲ್ಲಿ ಮಾಡುತ್ತಾ ಹೊತ್ತು ಕಳೆಯಬೇಡಿ. ಯಾರಾದರೂ ತಿಂದರೆ ವಾಂತಿ ಮಾಡಿಸದೆ, ಪುಡಿಯ ಸಮೇತ ಆಸ್ಪತ್ರೆಗೆ ಓಡಿ. ಈಗ ಎದ್ದು ಹೋಗಿ ನಿಮ್ಮ ಮನೆಯ ಡಬ್ಬಿಗಳನ್ನು ನೋಡಿ, ಮಕ್ಕಳು ಹಸಿದು ಬರುವ ಮೊದಲೇ.