ತುಂಡು ಗೆರೆಯ ಮರ

ನಕ್ಷೆಯ ಮೇಲೆ ಮರವೆಂದರೆ ಒಂದು ಹಸಿರು ಸೊನ್ನೆ. ಪುರಸಭೆಯ ಕೆಲಸದಲ್ಲಿ ನಾನು ಬರೆದದ್ದು ಹೆಚ್ಚುಕಡಿಮೆ ಅದನ್ನೇ. ಜೋಡಿ ತಪ್ಪಿ ಉಳಿದಿದ್ದ ನನ್ನಾಕೆಯ ಗಾಜಿನ ಬಳೆಯೊಂದನ್ನು ಕಾಗದದ ಮೇಲಿಟ್ಟು, ಅದರ ಒಳಅಂಚಿಗೆ ಪೆನ್ನು ತಾಗಿಸಿ ಒಂದು ಸುತ್ತು ಬಂದರೆ ಮರ ಆಯಿತು. ಕಚೇರಿಯವರು ಕೊಟ್ಟಿದ್ದ ಕೈವಾರದ ಮುಳ್ಳು ಕಾಗದವನ್ನು ಚುಚ್ಚಿ ತೂತು ಮಾಡುತ್ತಿತ್ತು. ಮರದ ಹೊಟ್ಟೆಯಲ್ಲಿ ತೂತೇಕೆ ಎಂದು ನಾನು ಬಳೆಗೇ ಒಗ್ಗಿಕೊಂಡಿದ್ದೆ.

ನಮ್ಮೂರಿನಲ್ಲಿ ಯಾರೇ ದೊಡ್ಡ ಕಟ್ಟಡ ಕಟ್ಟಲಿ, ನಿವೇಶನದಲ್ಲಿ ಎಷ್ಟು ಮರ ನಿಂತಿವೆ, ಇನ್ನೆಷ್ಟು ನೆಡಬೇಕು ಎಂಬುದನ್ನು ನಕ್ಷೆಯಲ್ಲಿ ತೋರಿಸದೆ ಪರವಾನಗಿ ಸಿಗುತ್ತಿರಲಿಲ್ಲ. ನಿಂತಿರುವ ಮರಕ್ಕೆ ತುಂಬು ಗೆರೆಯ ಸೊನ್ನೆ. ಅದಕ್ಕೆ ಯಾರೂ ಕೊಡಲಿ ಇಡುವ ಹಾಗಿಲ್ಲ. ಮುಂದೆ ನೆಡಬೇಕಾದ ಸಸಿಗೆ ತುಂಡು ತುಂಡು ಗೆರೆಯ ಸೊನ್ನೆ. ಅಲ್ಲಿ ಎದೆಯೆತ್ತರದ ಸಸಿ ನೆಟ್ಟು, ಐದು ವರ್ಷ ಬದುಕಿಸಿ ತೋರಿಸಬೇಕು. ಆಮೇಲೆ ನಾನು ಹೋಗಿ ಕಣ್ಣಾರೆ ನೋಡಿ, ಆ ತುಂಡುಗಳನ್ನು ಕೂಡಿಸಿ ಗೆರೆ ತುಂಬಿಸಬೇಕು. ನಿಯಮ ಒಳ್ಳೆಯದೇ. ಅದನ್ನು ಬರೆದವರು ಮರಗಳ ಮೇಲೆ ಮಮತೆ ಇದ್ದವರೇ ಇರಬೇಕು. ಆದರೆ ಪುಣ್ಯಾತ್ಮರು ಪೆನ್ನು ಹಿಡಿಯುವವನ ಮೇಲೆ ಅತಿಯಾದ ನಂಬಿಕೆ ಇಟ್ಟುಬಿಟ್ಟಿದ್ದರು.

ಮಾರುಕಟ್ಟೆಯ ತಿರುವಿನಲ್ಲಿ ಒಂದು ಖಾಲಿ ನಿವೇಶನವಿತ್ತು. ಅದರ ಮುಂದಿನ ಮೂಲೆಯಲ್ಲಿ ಇಬ್ಬರು ತಬ್ಬಿದರೂ ಕೈಗೆ ಸಿಗದಂಥ ಹೊಂಗೆ ಮರ. ಕೊಂಬೆಗಳು ರಸ್ತೆಯ ಮೇಲಕ್ಕೆ ಚಾಚಿದ್ದವು. ಅವುಗಳ ಕೆಳಗೆ ಹೊಂಬಾಳಮ್ಮನ ಇಸ್ತ್ರಿ ಗಾಡಿ. ಕೆರೆಯಲ್ಲಿ ಬಟ್ಟೆ ಒಗೆದು ತಂದು, ಕೆಂಡದ ಪೆಟ್ಟಿಗೆ ಕಾಯಿಸಿಕೊಂಡು, ಬೆಳಗಿನಿಂದ ಸಂಜೆಯವರೆಗೆ ಆಕೆ ಅಲ್ಲೇ ನಿಂತಿರುತ್ತಿದ್ದಳು. ಮುಂದೆ ಕೆಂಡ, ಮೇಲೆ ಹೊಂಗೆ. ಆ ತಂಪು ಇಲ್ಲದಿದ್ದರೆ ಆ ಕಸುಬು ಮನುಷ್ಯರು ಮಾಡುವಂಥದ್ದಲ್ಲ. ನಾನು ಚಡ್ಡಿ ಹಾಕುತ್ತಿದ್ದ ಕಾಲದಿಂದ ನನ್ನ ಬಟ್ಟೆ ಆಕೆಯ ಕೈಯಲ್ಲೇ ಮಡಿಕೆಯಾಗಿ ಬಂದದ್ದು. ಹಾಗಾಗಿ ನಾನು ಪುರಸಭೆಗೆ ಸೇರಿದ ಮೇಲೂ ಆಕೆ ನನ್ನನ್ನು ಏಕವಚನದಲ್ಲೇ ಕರೆಯುತ್ತಿದ್ದಳು, ನನಗೂ ಅದು ಹಿತವಾಗಿಯೇ ಇತ್ತು. ಕಲೆ ತೆಗೆಯುವುದರಲ್ಲಿ ಆಕೆಯನ್ನು ಮೀರಿಸಿದವರಿಲ್ಲ. ಎಲೆಯಡಿಕೆಯ ಕಲೆ, ಬಾಳೆಯ ಕಲೆ, ತುಕ್ಕಿನ ಕಲೆ, ಯಾವುದಾದರೂ ಸರಿ, ನಿಂಬೆಹಣ್ಣು ಉಪ್ಪು ಹಾಕಿ ಉಜ್ಜಿ ಹೇಳಹೆಸರಿಲ್ಲದಂತೆ ಮಾಡುತ್ತಿದ್ದಳು.

ಆ ನಿವೇಶನವನ್ನು ಪಶುಪತಿ ಎಂಬುವವರು ಕೊಂಡರು. ಅಲ್ಲೊಂದು ಕಲ್ಯಾಣ ಮಂಟಪ ಕಟ್ಟಬೇಕೆಂಬುದು ಅವರ ಆಸೆ. ಮಂಟಪದ ಮುಖ ರಸ್ತೆಗೆ ಕಾಣದಂತೆ ಹೊಂಗೆ ಅಡ್ಡ ನಿಂತಿತ್ತು. ನಿವೇಶನ ಅಳೆದು ಬಂದು ನಾನು ನಕ್ಷೆ ಬರೆದೆ. ಹಿಂಭಾಗದ ಬೇವು, ಪಕ್ಕದ ಎರಡು ನೇರಳೆ, ಮೂರಕ್ಕೂ ತುಂಬು ಗೆರೆ ಬಿತ್ತು. ಹೊಂಗೆಯ ಜಾಗಕ್ಕೆ ಬಂದಾಗ ಗೆರೆ ತುಂಡು ತುಂಡಾಗಿ ಬಿತ್ತು. ಪೆನ್ನು ಒಣಗಿತ್ತು, ಶಾಯಿ ಹಿಡಿಯಲಿಲ್ಲ. ಹಾಗಂತ ನಾನು ಬಹಳ ಜನಕ್ಕೆ ಹೇಳಿದ್ದೇನೆ, ನನಗೆ ನಾನೇ ಹೇಳಿಕೊಂಡದ್ದಕ್ಕಂತೂ ಲೆಕ್ಕವಿಲ್ಲ.

ಬರೆದ ನಕ್ಷೆಯನ್ನು ಹದಿನೈದು ದಿನ ಕಚೇರಿಯ ಪಡಸಾಲೆಯಲ್ಲಿ ತೂಗುಹಾಕುವುದು ಪದ್ಧತಿ. ಆಕ್ಷೇಪಣೆ ಇದ್ದವರು ಅಷ್ಟರೊಳಗೆ ಅರ್ಜಿ ಕೊಡಬೇಕು. ಆ ಅವಧಿ ಮುಗಿದರೆ ಮುಖ್ಯಾಧಿಕಾರಿಗಳ ಮೊಹರು ಬೀಳುತ್ತದೆ, ಆಮೇಲೆ ಕಾಗದದಲ್ಲಿ ತುಂಬು ಗೆರೆ ಇಲ್ಲದ ಮರವನ್ನು ಕಡಿದರೆ ಕಡಿದಂತೆ ಅಲ್ಲ. ಹದಿನೈದನೆಯ ದಿನ ಮಧ್ಯಾಹ್ನ ಹೊಂಬಾಳಮ್ಮ ಕಚೇರಿಗೆ ಬಂದಳು. ಅಷ್ಟು ವರ್ಷದಲ್ಲಿ ಆಕೆ ಅಲ್ಲಿಗೆ ಕಾಲಿಟ್ಟದ್ದು ಅದೇ ಮೊದಲು. ಮರ ಕಡಿಯುತ್ತಾರಂತೆ ಎಂದು ಯಾರೋ ಹೇಳಿದರಂತೆ. ಹೆಬ್ಬೆಟ್ಟು ಒತ್ತಿ ಅರ್ಜಿ ಕೊಡಬೇಕಾದರೆ ಕೊಡುತ್ತೇನೆ, ಮೊದಲು ನಮ್ಮ ಮರ ಕಾಗದದಲ್ಲಿ ಇದೆಯೋ ಇಲ್ಲವೋ ತೋರಿಸು ಎಂದಳು.

ನಾನು ಪೆನ್ನನ್ನು ಅವಸರವಾಗಿ ಜೇಬಿಗೆ ತುರುಕಿಕೊಂಡು ಎದ್ದು ಹೋಗಿ, ಹೊಂಗೆಯ ಮೇಲೆ ಬೆರಳಿಟ್ಟು ತೋರಿಸಿದೆ. ಆಕೆ ಬಗ್ಗಿ ನೋಡಿದಳು. ಮಸಿ ಹಿಡಿದ ಹೆಬ್ಬೆರಳಿನಿಂದ ಆ ಸೊನ್ನೆಯನ್ನು ಮುಟ್ಟಿದಳು. ಕಾಗದದ ಮೇಲೆ ಗುರುತು ಉಳಿಯಿತು.

"ಮಿಕ್ಕಿದ್ದೆಲ್ಲ ಬಳೆ ಹಂಗೆ ಗುಂಡಗವೆ. ನಮ್ದು ಯಾಕಪ್ಪ ಹಿಂಗೆ ಒಡ್ದೋಗೈತೆ?" ಎಂದು ಕೇಳಿದಳು.

ಓದು ಬಾರದ ಆಕೆ ಅದನ್ನು ಗಮನಿಸುತ್ತಾಳೆಂದು ನಾನು ಎಣಿಸಿರಲಿಲ್ಲ. ಪೆನ್ನು ಒಣಗಿಬಿಟ್ಟಿತ್ತು ಎಂದೆ.

"ಹಂಗಾದ್ರೆ ಈಗ್ಲೇ ತುಂಬಿಸ್ಬಿಡು, ನಾನು ನೋಡ್ಕೊಂಡು ಹೋಯ್ತೀನಿ."

"ಈಗಲೂ ಪೆನ್ನು ಒಣಗಿಯೇ ಇದೆ, ಹೊಂಬಾಳಮ್ಮ. ಶಾಯಿ ತರಿಸಬೇಕು. ನಾಳೆ ತುಂಬಿಸುತ್ತೇನೆ, ನೀವು ಹೋಗಿ. ಅರ್ಜಿಗಿರ್ಜಿ ಏನೂ ಬೇಡ."

ಆಕೆ ನಂಬಿದಳು. ನಂಬದೆ ಏನು? ನಾನು ಆಕೆ ಕಂಡ ಮಗು. ಹೋಗುವಾಗ ನನ್ನ ಅಂಗಿಯ ಕಾಲರು ಮಡಿಚಿದ್ದನ್ನು ನೋಡಿ ನೆಟ್ಟಗೆ ಮಾಡಿ ಹೋದಳು.

ಮರುದಿನ ನಕ್ಷೆಗೆ ಮೊಹರು ಬಿತ್ತು. ಮುಂದಿನ ವಾರವೇ ಹೊಂಗೆ ಉರುಳಿತು. ಮೂರು ದಿನ ಗರಗಸದ ಸದ್ದು ಕಚೇರಿಯವರೆಗೆ ಕೇಳುತ್ತಿತ್ತು. ಕಿಟಕಿ ಮುಚ್ಚಲು ಹೇಳಿ ನಾನು ಇನ್ನಾರದೋ ನಿವೇಶನದ ಸೊನ್ನೆಗಳನ್ನು ಬರೆಯುತ್ತ ಕೂತಿದ್ದೆ.

ಆ ವಾರದ ಬಟ್ಟೆ ಮನೆಗೆ ಬಂದಾಗ ಅದರಲ್ಲಿ ನನ್ನ ಬಿಳಿ ಅಂಗಿಯೂ ಇತ್ತು. ಒಂದು ಸುಕ್ಕಿಲ್ಲದಂತೆ ಇಸ್ತ್ರಿಯಾಗಿತ್ತು. ಆದರೆ ಜೇಬಿನ ತಳದಲ್ಲಿ ಅಂಗೈಯಗಲದ ಹಸಿರು ಕಲೆ ಹಾಗೆಯೇ ಇತ್ತು. ಅವತ್ತು ಮುಚ್ಚಳ ಹಾಕದೆ ತುರುಕಿದ ಪೆನ್ನು ಸೋರಿ ಆದ ಕಲೆ ಅದು. ಹೊಂಬಾಳಮ್ಮನ ಕೈಯಲ್ಲೂ ಹೋಗದ ಕಲೆ ಅಂದರೆ ಶಾಯಿ ಗಟ್ಟಿಯೇ ಇರಬೇಕು ಎಂದಳು ನನ್ನಾಕೆ. ಇರಬಹುದು ಎಂದೆ. ಅಂಗಿಯನ್ನು ಟ್ರಂಕಿನ ತಳಕ್ಕೆ ಹಾಕಿದೆ.

ಈಗ ನಿಜ ಹೇಳಿಬಿಡುತ್ತೇನೆ. ಪಶುಪತಿಯವರಿಂದ ನಾನು ಒಂದು ಬಿಡಿಗಾಸೂ ಮುಟ್ಟಲಿಲ್ಲ. ಎಷ್ಟೋ ಕಾಲ ಅದನ್ನೇ ಹೇಳಿಕೊಂಡು ಎದೆಯುಬ್ಬಿಸಿದವನು ನಾನು. ನಿವೇಶನ ಅಳೆಯಲು ಹೋದ ದಿನ ಅವರು ನನ್ನನ್ನು ಮನೆಯೊಳಕ್ಕೆ ಕರೆದು, ತಮ್ಮ ಎದುರಿನ ಕುರ್ಚಿಯಲ್ಲೇ ಕೂರಿಸಿ, ಬೆಳ್ಳಿಯ ಲೋಟದಲ್ಲಿ ಕಾಫಿ ಕೊಟ್ಟು, "ನೋಡಿ ಇಂಜಿನಿಯರ್ ಸಾಹೇಬ್ರೇ, ಎಲ್ಲ ನಿಮ್ಮ ಕೈಯಲ್ಲಿದೆ" ಎಂದರು. ಅಷ್ಟೇ. ನಾನು ಇಂಜಿನಿಯರನಲ್ಲ, ಗೆರೆ ಎಳೆಯುವವನು. ಕಚೇರಿಯಲ್ಲಿ ನನ್ನನ್ನು "ಏ ಗೀಟು" ಎಂದೇ ಕೂಗುತ್ತಿದ್ದರು. ಸಾಹೇಬರ ಮುಂದೆ ಕೂತು ಮಾತಾಡಿದ ನೆನಪೇ ನನಗಿರಲಿಲ್ಲ. ಆ ಒಂದು ಮಾತಿಗೆ ನಾನು ಉಬ್ಬಿಹೋದೆ. ಅವರು ಬಾಯಿಬಿಟ್ಟು ಕೇಳಿದ್ದರೆ ಇಲ್ಲವೆನ್ನುತ್ತಿದ್ದೆನೋ ಏನೋ. ಅವರು ಕೇಳಲೂ ಇಲ್ಲ. ನಾನಾಗಿಯೇ ಬಳೆಯ ಒಳಗೆ ಪೆನ್ನು ಎತ್ತಿ ಎತ್ತಿ ಇಟ್ಟೆ. ಅವತ್ತೂ ಪೆನ್ನಿನ ತುಂಬ ಶಾಯಿ ಇತ್ತು, ಹೊಂಬಾಳಮ್ಮ ಬಂದ ದಿನವೂ ಇತ್ತು.

ಪಶುಪತಿಯವರು ನಿಯಮ ತಪ್ಪಲಿಲ್ಲ. ಅದೇ ಜಾಗದಲ್ಲಿ ಎದೆಯೆತ್ತರದ ಹೊಂಗೆ ಸಸಿ ನೆಡಿಸಿ, ಸುತ್ತ ಬಿದಿರಿನ ತಟ್ಟಿ ಕಟ್ಟಿಸಿ, ಕೈ ತೊಳೆದುಕೊಂಡರು. ಇಂಥ ಸಸಿಗಳು ಮೊದಲ ಬೇಸಿಗೆಗೇ ಒಣಗುವುದು ವಾಡಿಕೆ. ಇದು ಒಣಗಲಿಲ್ಲ. ಹೊಂಬಾಳಮ್ಮ ಗಾಡಿಯನ್ನು ಅಲ್ಲಿಂದ ಕದಲಿಸಿರಲಿಲ್ಲ. ಆಕೆಯ ಗಿರಾಕಿಗಳೆಲ್ಲ ಆ ತಿರುವಿನ ಸುತ್ತಲಿನವರೇ, ಬೇರೆಡೆಗೆ ಹೋದರೆ ಹೊಟ್ಟೆಪಾಡಿಲ್ಲ. ನಾಲ್ಕು ಗಳ ನೆಟ್ಟು ಗೋಣಿತಾಟು ಕಟ್ಟಿಕೊಂಡರೆ ರಸ್ತೆಯ ಮೇಲೆ ಚಪ್ಪರ ಹಾಕಬಾರದೆಂದು ನಮ್ಮ ಕಚೇರಿಯವರೇ ಕಿತ್ತುಹಾಕಿದರು. ಗಾಡಿಗೆ ಹರಕು ಕೊಡೆಯೊಂದನ್ನು ಬಿಗಿದು, ಬಿಸಿಲಲ್ಲಿ ನಿಂತು ಇಸ್ತ್ರಿ ಮಾಡಿದಳು. ದಿನವೂ ಒಂದು ಬಿಂದಿಗೆ ನೀರು ಹೊತ್ತು ತಂದು ಆ ಸಸಿಗೆ ಹಾಕಿದಳು. ಎರಡನೆಯ ಬೇಸಿಗೆಯಲ್ಲಿ ತಲೆ ಸುತ್ತಿ ಕೆಂಡದ ಪೆಟ್ಟಿಗೆಯ ಮೇಲೆಯೇ ಬಿದ್ದಳಂತೆ, ಮೊಣಕೈ ಸುಟ್ಟಿತಂತೆ. ನಾನು ಇದನ್ನೆಲ್ಲ ಕೇಳಿ ತಿಳಿದದ್ದು. ಬಟ್ಟೆಯನ್ನು ನನ್ನಾಕೆಯ ಕೈಯಲ್ಲಿ ಕಳಿಸುತ್ತಿದ್ದೆ, ನಾನು ಬೇರೆ ರಸ್ತೆ ಹಿಡಿದು ಕಚೇರಿಗೆ ಹೋಗುತ್ತಿದ್ದೆ.

ಐದು ವರ್ಷ ತುಂಬಿತು. ಹಳೆಯ ನಕ್ಷೆಯನ್ನು ಸುತ್ತಿಕೊಂಡು, ಬಳೆ, ಪೆನ್ನು ತೆಗೆದುಕೊಂಡು, ಸಸಿ ನೋಡಿ ಬರಲು ನಾನೇ ಹೋಗಬೇಕಾಯಿತು. ನಡುಹಗಲು. ಹೊಂಗೆ ನನಗಿಂತ ಎರಡು ಪಟ್ಟು ಎತ್ತರ ಬೆಳೆದಿತ್ತು. ಅದರ ಪಕ್ಕದಲ್ಲಿ ಹೊಂಬಾಳಮ್ಮ. ಬಿಸಿಲಿಗೆ ಮುಖ ಕಮರಿ, ಕಣ್ಣು ಕಿರಿದು ಮಾಡಿಯೇ ನೋಡುವುದು ಅಭ್ಯಾಸವಾಗಿಬಿಟ್ಟಿತ್ತು. ಬಾ ಎಂದು ಕರೆದು, ತೋಳು ಹಿಡಿದು ಗಾಡಿಯ ಈ ಬದಿಗೆ ನಿಲ್ಲಿಸಿ, ತಾನು ಆ ಬದಿಗೆ ಸರಿದಳು. ಬಟ್ಟೆಗಳನ್ನು ಅತ್ತ ಸರಿಸಿ ನಕ್ಷೆ ಹಾಸಲು ಜಾಗ ಮಾಡಿದಳು, ಗಾಳಿಗೆ ಮೂಲೆ ಏಳದಂತೆ ಆರಿದ ಇಸ್ತ್ರಿ ಪೆಟ್ಟಿಗೆಯನ್ನು ಅದರ ಮೇಲಿಟ್ಟಳು. ತುಂಡು ಗೆರೆಯ ಸೊನ್ನೆಯ ಮೇಲೆ ಆಕೆಯ ಹೆಬ್ಬೆರಳಿನ ಮಸಿ ಇನ್ನೂ ಇತ್ತು.

"ಹೊಂಬಾಳಮ್ಮ, ಅವತ್ತು ಆ ಪೆನ್ನು..." ಎಂದಷ್ಟೇ ಅಂದೆ.

"ಗೊತ್ತು ಕಣಪ್ಪ," ಎಂದಳು. "ಒಣಗಿದ ಪೆನ್ನು ಜೇಬಲ್ಲಿ ಅಷ್ಟೊಂದು ಶಾಯಿ ಬಿಡ್ತದಾ? ಅಂಗಿ ಕೆರೇಲಿ ಅದ್ದಿದಾಗ್ಲೇ ಗೊತ್ತಾಯ್ತು. ಆಗ್ಲೇ ಗರಗಸ ಇಟ್ಟಿದ್ರು."

"ಆ ಕಲೆ..."

"ತೆಗೆಯಾಕೆ ನಂಗೆ ಬತ್ತಿರ್ಲಿಲ್ವಾ? ನೀನು ನೋಡ್ಕೊಳ್ಲಿ ಅಂತ ಬಿಟ್ಟೆ."

ನನ್ನ ಕಣ್ಣು ತುಂಬಿ ಬಂತು. ಆ ಅಂಗಿ ಟ್ರಂಕಿನಲ್ಲೇ ಇದೆ, ಒಂದು ದಿನವೂ ತೊಟ್ಟಿಲ್ಲ, ತಂದುಕೊಡುತ್ತೇನೆ ಎಂದೆ. ಯಾಕೆ ಹಾಗೆಂದೆನೋ, ಏನಾದರೂ ಹೇಳಬೇಕಾಗಿತ್ತು. ಆಕೆ ತಲೆಯಾಡಿಸಿದಳು. "ಇನ್ನು ಹೋಗಾಕಿಲ್ಲ ಬಿಡು. ಹಳೇ ಕಲೆ." ಮಾತಿನಲ್ಲಿ ಸಿಟ್ಟಿರಲಿಲ್ಲ. ಬಟ್ಟೆಯ ವಿಷಯ ಗೊತ್ತಿದ್ದವಳು ಹೇಳಿದ ಹಾಗೆ ಹೇಳಿದಳು. ಆಮೇಲೆ ನಕ್ಷೆಯ ಕಡೆ ಕೈ ತೋರಿಸಿ ಕೇಳಿದಳು:

"ಈ ಸಲ ಪೆನ್ನಿಗೆ ಶಾಯಿ ತುಂಬ್ಕೊಂಡು ಬಂದಿದ್ದೀಯಾ?"

ತುಂಬಿಕೊಂಡು ಬಂದಿದ್ದೆ. ಬಳೆಯನ್ನು ಸೊನ್ನೆಯ ಮೇಲೆ ಕೂರಿಸಿ, ಒಂದು ತುಂಡಿನಿಂದ ಇನ್ನೊಂದಕ್ಕೆ ಗೆರೆ ಕೂಡಿಸುತ್ತ ಬಂದೆ. ಅಲ್ಲಲ್ಲಿ ಶಾಯಿ ದಪ್ಪವಾಯಿತು. ಆಕೆ ಕೊನೆಯವರೆಗೂ ಕಣ್ಣು ತೆಗೆಯದೆ ನೋಡಿದಳು.

ಕಾಗದದ ಮೇಲೆ ಮರ ತುಂಬಿತು. ನೆಲದ ಮೇಲಿನ ನೆರಳು ಮಾತ್ರ ಇನ್ನೂ ತುಂಡು ತುಂಡಾಗಿಯೇ ಇತ್ತು. ಎಳೆಯ ಹೊಂಗೆ, ಒಬ್ಬರಿಗೆ ಸಾಕಾಗುವಷ್ಟು ಅಷ್ಟೇ. ಪೆನ್ನಿಗೆ ಮುಚ್ಚಳ ಹಾಕಿ ತಲೆಯೆತ್ತಿದಾಗ ಗಮನಿಸಿದೆ. ನಾನು ನಿಂತಿದ್ದ ಕಡೆ ತಂಪಾಗಿತ್ತು. ಹೊಂಬಾಳಮ್ಮ ಗಾಡಿಯ ಆ ಬದಿಯಲ್ಲಿ, ಬಿಸಿಲಲ್ಲಿ ನಿಂತಿದ್ದಳು.